ಮೂಗುದಾರದಿಂದ ಪಂಚನಾಮೆಯವರೆಗೆ: ಬಂಕಾಪುರ ಸೀಮೆಯ ದಾರಿಗಳಲ್ಲಿ ನಿರ್ಲಕ್ಷ್ಯದ ರುಜುವಾತು

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಸಾಮಂತನಾದ ಬಂಕೇಯನ ಹೆಸರನ್ನು ಹೊತ್ತಿರುವ ಬಂಕಾಪುರವು ಕೋಟೆಗೂ, ಅರವತ್ತು ಕಂಬಗಳ ನಗರೇಶ್ವರ ಗುಡಿಗೂ, ಗುಣಭದ್ರನ ಉತ್ತರಪುರಾಣಕ್ಕೆ ಪೂಜೆ ಸಂದ ಜೈನ ವಿದ್ಯಾಕೇಂದ್ರವೆಂಬ ಕೀರ್ತಿಗೂ ಪ್ರಸಿದ್ಧವಾಗಿದೆ. ಆದರೆ ಈ ಊರಿನ ಇನ್ನೊಂದು ಗುರುತು ಅದು ದಾರಿಯ ಮೇಲಿನ ಊರು ಎಂಬುದು. ಬನವಾಸಿ ನಾಡಿಗೂ ಬಯಲುಸೀಮೆಗೂ ನಡುವೆ ಸರಕು ಸಾಗಿಸಿದ ಚಕ್ಕಡಿಗಳು, ಬ್ರಿಟಿಷರ ಕಾಲದಲ್ಲಿ ಪುಣೆಯಿಂದ ಧಾರವಾಡ, ಹುಬ್ಬಳ್ಳಿಗಳ ಮೂಲಕ ಹರಿಹರದ ಕಡೆಗೆ ಸಾಗಿದ ಸಂಚಾರ, ಈಗ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಗಲು ರಾತ್ರಿ ಓಡುವ ಲಾರಿ ಬಸ್ಸುಗಳು, ಎಲ್ಲವೂ ಈ ಸೀಮೆಯನ್ನು ಹಾದು ಹೋದವೇ ಆಗಿವೆ. ದಾರಿ ಇದ್ದಲ್ಲಿ ಅಪಘಾತವಿರುತ್ತದೆ, ಅಪಘಾತವಾದಲ್ಲಿ ತಪ್ಪು ಯಾರದು, ಅದನ್ನು ತೋರಿಸಿಕೊಡಬೇಕಾದವರು ಯಾರು ಎಂಬ ಎರಡು ಪ್ರಶ್ನೆಗಳು ಏಳುತ್ತವೆ. ಮೊದಲನೆಯ ಪ್ರಶ್ನೆಗೆ ಕೊಟ್ಟ ಉತ್ತರ ಸಾವಿರ ವರ್ಷಗಳಲ್ಲಿ ಅಷ್ಟೇನೂ ಬದಲಾಗಿಲ್ಲ. ಎರಡನೆಯದಕ್ಕೆ ಕೊಟ್ಟ ಉತ್ತರವೇ ಗಾಯಗೊಂಡವರ ಬದುಕನ್ನು ನಿರ್ಧರಿಸಿದ್ದು, ಮತ್ತು ಅದು ಬದಲಾಗಲು ಬಹಳ ಕಾಲ ಹಿಡಿಯಿತು.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದಾಗ, ಕದಂಬ ಮಾಂಡಲಿಕರು ಆಳುತ್ತಿದ್ದ ಬಂಕಾಪುರವೂ ಅದೇ ಸಾಮ್ರಾಜ್ಯದೊಳಗಿತ್ತು. ಆಸ್ತಿ ವಿಭಾಗಕ್ಕೆ ಸಂಬಂಧಿಸಿದಂತೆ ಮಾತ್ರ ಇಂದು ನೆನಪಾಗುವ ಆ ಗ್ರಂಥದ ವ್ಯವಹಾರ ಭಾಗದಲ್ಲಿ, ಅಂದರೆ ನ್ಯಾಯ ವಿಚಾರಣೆಯ ಭಾಗದಲ್ಲಿ, ಬಂಡಿಯಿಂದಾಗುವ ಗಾಯಗಳ ಕುರಿತ ನಿಯಮಗಳೂ ಇವೆ. ಎತ್ತಿನ ಮೂಗುದಾರ ಹರಿದಿದ್ದರೆ, ನೊಗ ಮುರಿದಿದ್ದರೆ, ಬಂಡಿ ಹಿಂದಕ್ಕೆ ಸರಿದು ಯಾರಿಗಾದರೂ ಪೆಟ್ಟಾದರೆ ಒಡೆಯನಲ್ಲಿ ದೋಷವಿಲ್ಲ. ದನ, ಬಂಡಿ ಅಥವಾ ಎಸೆದ ಕಲ್ಲು ಕಟ್ಟಿಗೆಗಳಿಂದ ಅಪಾಯವಾಗಬಹುದಾದಾಗ ಸರಿಯಿರೆಂದು ಕೂಗಿ ಎಚ್ಚರಿಸಿದವನೂ ದೋಷಿಯಲ್ಲ. ಆದರೆ ಕೊಂಬಿನ ಅಥವಾ ಕೋರೆಹಲ್ಲಿನ ಪ್ರಾಣಿಯ ಒಡೆಯನು ತನಗೆ ಶಕ್ತಿಯಿದ್ದೂ ತುತ್ತಾದವನನ್ನು ಬಿಡಿಸದಿದ್ದರೆ ದಂಡಾರ್ಹನಾಗುತ್ತಾನೆ, ಆತ ಕೂಗಿಕೊಂಡ ಮೇಲೂ ಬಿಡಿಸದಿದ್ದರೆ ದಂಡ ಇಮ್ಮಡಿಯಾಗುತ್ತದೆ. ಮನುಸ್ಮೃತಿ ಇನ್ನೂ ಮುಂದೆ ಹೋಗಿ, ಸಾರಥಿಯ ಅಕುಶಲತೆಯಿಂದ ಬಂಡಿ ದಾರಿ ತಪ್ಪಿದರೆ ಒಡೆಯನಿಗೆ ಇನ್ನೂರು ಪಣ ದಂಡವೆಂದೂ, ಸಾರಥಿ ಕುಶಲನಾಗಿದ್ದರೆ ದಂಡ ಅವನದೇ ಎಂದೂ, ಅಕುಶಲನೆಂದು ಕಂಡೂ ಆ ಬಂಡಿಯಲ್ಲಿ ಕುಳಿತವರಿಗೂ ನೂರು ನೂರು ಪಣ ದಂಡವೆಂದೂ ವಿಧಿಸುತ್ತದೆ. ವಾಹನದ ಸ್ಥಿತಿ, ಚಾಲಕನ ಯೋಗ್ಯತೆ, ಕೊಟ್ಟ ಎಚ್ಚರಿಕೆ, ತಪ್ಪಿಸಬಹುದಾಗಿದ್ದ ಕಡೆಯ ಅವಕಾಶ: ಇಂದಿನ ನ್ಯಾಯಮಂಡಳಿಯೂ ಅಪಘಾತ ಪ್ರಕರಣದಲ್ಲಿ ಹುಡುಕುವುದು ಇವುಗಳನ್ನೇ.

ಶಾಸ್ತ್ರಗ್ರಂಥದಲ್ಲಿ ಇದ್ದುದೆಲ್ಲ ಹಳ್ಳಿಯ ಪಂಚಾಯಿತಿಯಲ್ಲಿ ನಡೆದೇ ಇತ್ತೆಂದು ತಿಳಿಯುವುದು ತಪ್ಪಾಗುತ್ತದೆ. ಮೇಲಾಗಿ ದಂಡದ ಹಣ ರಾಜನ ಬೊಕ್ಕಸಕ್ಕೆ ಸೇರುತ್ತಿತ್ತು, ಗಾಯಗೊಂಡವನಿಗಲ್ಲ. ಅವನಿಗೆ ಸಲ್ಲಬೇಕಾದುದೆಂದು ಸ್ಮೃತಿಗಳು ಹೇಳಿದ್ದು ಸಮುತ್ಥಾನ ವ್ಯಯ, ಅಂದರೆ ಗಾಯ ಮಾಯ್ದು ಎದ್ದು ಓಡಾಡುವವರೆಗೆ ಆಗುವ ಔಷಧ ಪಥ್ಯಗಳ ಖರ್ಚು. ದುಡಿಮೆ ನಿಂತದ್ದರ ನಷ್ಟ, ಜೀವನಪರ್ಯಂತ ಉಳಿಯುವ ಊನ, ಇವುಗಳ ಲೆಕ್ಕ ಅಲ್ಲಿ ಕಾಣುವುದಿಲ್ಲ. ಇನ್ನೊಂದು ಕಡೆ, ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಸೀಮೆಗಳಲ್ಲಿ ಇಂದಿಗೂ ನಿಂತಿರುವಂಥ ವೀರಗಲ್ಲುಗಳ ಕಾಲದಲ್ಲಿ, ಊರಿಗಾಗಿ ಅಥವಾ ತುರುಗಳಿಗಾಗಿ ಹೋರಾಡಿ ಮಡಿದವನ ಮನೆತನಕ್ಕೆ ನೆತ್ತರುಗೊಡಗೆ ಎಂಬ ಭೂದಾನ ಸಲ್ಲುವ ಪದ್ಧತಿ ಕರ್ನಾಟಕದಲ್ಲಿತ್ತು. ಅದು ಶೌರ್ಯಕ್ಕೆ ಸಂದ ಗೌರವವೇ ಹೊರತು ತಪ್ಪಿಗೆ ತೆತ್ತ ಪರಿಹಾರವಲ್ಲವಾದರೂ, ದುಡಿಯುವವನನ್ನು ಕಳೆದುಕೊಂಡ ಮನೆಯನ್ನು ಸಮುದಾಯವೇ ಪೋಷಿಸಬೇಕೆಂಬ ವಿಚಾರ ಅದರಲ್ಲಿ ಅಡಗಿದೆ. ತಪ್ಪನ್ನು ರುಜುವಾತು ಮಾಡದೆಯೇ ಪರಿಹಾರ ಕೊಡುವ ವಿಚಾರ 20ನೆಯ ಶತಮಾನದ ಕಾನೂನಿಗೆ ಬಂದಾಗ ಅದು ಈ ನೆಲಕ್ಕೆ ಪೂರ್ತಿ ಅಪರಿಚಿತವಾಗಿರಲಿಲ್ಲ ಎನ್ನಲು ಇಷ್ಟು ಸಾಕು.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ ಸೀಮೆ ಕಂಪನಿ ಸರ್ಕಾರದ ಕೈಸೇರಿತು, ಮುಂದೆ ಬಂಕಾಪುರವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕಿನ ಹೆಸರಾಯಿತು, ಅದರ ಕಚೇರಿ ಶಿಗ್ಗಾಂವಿಯಲ್ಲಿತ್ತು. 1827ರ ಮುಂಬಯಿ ರೆಗ್ಯುಲೇಷನ್‌ಗಳು, ಅಂದರೆ ಎಲ್ಫಿನ್‌ಸ್ಟನ್ ಸಂಹಿತೆಯೆಂದು ಕರೆಯಲಾಗುವ ನಿಯಮಗಳು, ದಿವಾಣಿ ನ್ಯಾಯಾಲಯಗಳು ಯಾವ ಕಾನೂನನ್ನು ಅನುಸರಿಸಬೇಕೆಂಬುದಕ್ಕೆ ಒಂದು ಸರಣಿಯನ್ನು ಹಾಕಿಕೊಟ್ಟವು: ಮೊದಲು ಶಾಸನ, ಅದಿಲ್ಲದಿದ್ದರೆ ನಾಡಿನ ರೂಢಿ, ಅದೂ ಇಲ್ಲದಿದ್ದರೆ ಪ್ರತಿವಾದಿಯ ಧರ್ಮದ ಕಾನೂನು, ಯಾವುದೂ ಸಿಗದಿದ್ದರೆ ನ್ಯಾಯ, ಸಮತೆ ಮತ್ತು ಶುದ್ಧ ಅಂತಃಕರಣ. ಗಾಯಕ್ಕೆ ಪರಿಹಾರ ಕೇಳುವ ದಾವೆಗಳಿಗೆ ಶಾಸನವೇ ಇರಲಿಲ್ಲವಾದ್ದರಿಂದ ಈ ಕೊನೆಯ ಬಾಗಿಲಿನ ಮೂಲಕ ಇಂಗ್ಲೆಂಡಿನ ಅಪಕೃತ್ಯ ಕಾನೂನು, ಅಂದರೆ ಕರಾರಿನ ಸಂಬಂಧವಿಲ್ಲದವರ ನಡುವೆಯೂ ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಕಾನೂನು, ಈ ಭಾಗದ ನ್ಯಾಯಾಲಯಗಳೊಳಗೆ ಬಂದಿತು.

ಆ ಕಾನೂನಿನ ಪ್ರಕಾರ ನಿರ್ಲಕ್ಷ್ಯವೆಂದರೆ ಬರಿಯ ಮರೆವಲ್ಲ, ಸಾಮಾನ್ಯ ವಿವೇಕವುಳ್ಳ ಮನುಷ್ಯನು ಅದೇ ಸಂದರ್ಭದಲ್ಲಿ ವಹಿಸುತ್ತಿದ್ದ ಎಚ್ಚರವನ್ನು ವಹಿಸದೆ ಇರುವುದು. ಪರಿಹಾರ ಕೇಳುವವನು ನಾಲ್ಕು ಸಂಗತಿಗಳನ್ನು ಒಂದಾದ ಮೇಲೊಂದು ತೋರಿಸಬೇಕು: ಎದುರುದಾರನಿಗೆ ತನ್ನ ವಿಷಯದಲ್ಲಿ ಎಚ್ಚರದಿಂದಿರುವ ಕರ್ತವ್ಯವಿತ್ತು, ಅವನು ಅದನ್ನು ಮೀರಿದನು, ತನಗೆ ಹಾನಿಯಾಯಿತು, ಮತ್ತು ಆ ಹಾನಿಗೆ ಈ ಮೀರುವಿಕೆಯೇ ಕಾರಣ. 1872ರ ಸಾಕ್ಷ್ಯ ಅಧಿನಿಯಮದ 101ನೆಯ ಕಲಮು, ಒಂದು ಸಂಗತಿ ಇದೆಯೆಂದು ಹೇಳುವವನೇ ಅದನ್ನು ರುಜುವಾತು ಮಾಡಬೇಕೆಂದು ಹೇಳಿ, ಈ ಭಾರವನ್ನೆಲ್ಲ ಗಾಯಾಳುವಿನ ಮೇಲೆಯೇ ಹೊರಿಸಿತು. ಸತ್ತವರ ಕುಟುಂಬಕ್ಕೆ ದಾವೆ ಹೂಡುವ ಹಕ್ಕನ್ನು 1855ರ ಮಾರಣಾಂತಿಕ ಅಪಘಾತಗಳ ಅಧಿನಿಯಮ ಕೊಟ್ಟಿತಾದರೂ, ಅಲ್ಲಿಯೂ ತಪ್ಪನ್ನು ತೋರಿಸಲೇಬೇಕಿತ್ತು. ಕೇಳಿದ ಮೊತ್ತಕ್ಕೆ ತಕ್ಕಂತೆ ನ್ಯಾಯಾಲಯ ಶುಲ್ಕ ಕಟ್ಟಬೇಕಿತ್ತು. 1908ರ ಕಾಲಮಿತಿ ಅಧಿನಿಯಮವು ದೇಹಕ್ಕಾದ ಗಾಯದ ದಾವೆಗೆ ಒಂದೇ ವರ್ಷದ ಗಡುವನ್ನು ಇಟ್ಟಿತ್ತು. ಕಾಲು ಮುರಿದುಕೊಂಡು ಮಲಗಿದ ಕೂಲಿಯವನೊಬ್ಬನು ಆ ವರ್ಷದೊಳಗೆ ಎದ್ದು, ಸಾಕ್ಷಿಗಳನ್ನು ಹುಡುಕಿ, ವಕೀಲರನ್ನು ಹಿಡಿದು, ಶುಲ್ಕ ತುಂಬಿ ದಾವೆ ಹೂಡುವುದು ಎಷ್ಟರ ಮಟ್ಟಿಗೆ ಸಾಧ್ಯವಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಕಾನೂನು ಬಡವರ ಪಾಲಿಗೆ ಇದ್ದೂ ಇಲ್ಲದಂತಿತ್ತು ಎಂಬುದೇ ನಿಷ್ಠುರವಾದರೂ ನಿಜವಾದ ಮಾತು.

ಇದರ ಜೊತೆಗೇ ಇನ್ನೊಂದು ದಾರಿ ಬೆಳೆಯಿತು, ಅದು ಪೊಲೀಸು ಮತ್ತು ಫೌಜದಾರಿ ನ್ಯಾಯಾಲಯದ ದಾರಿ. 1860ರ ಭಾರತೀಯ ದಂಡ ಸಂಹಿತೆಯ 279ನೆಯ ಕಲಮು ಸಾರ್ವಜನಿಕ ದಾರಿಯಲ್ಲಿ ದುಡುಕಿನಿಂದ ವಾಹನ ನಡೆಸುವುದನ್ನೂ, 337 ಮತ್ತು 338ನೆಯ ಕಲಮುಗಳು ಅದರಿಂದಾದ ಗಾಯವನ್ನೂ, 1870ರಲ್ಲಿ ಸೇರಿಸಿದ 304-ಎ ಕಲಮು ಅದರಿಂದಾದ ಸಾವನ್ನೂ ಅಪರಾಧವೆಂದು ಸಾರಿದವು. ಧಾರವಾಡ, ಹಾವೇರಿ ಭಾಗದ ಪೊಲೀಸು ಫಿರ್ಯಾದಿಗಳಲ್ಲಿ ಇಂದಿಗೂ ವಾಹನವನ್ನು ಅತೀ ಜೋರಿನಿಂದ ಹಾಗೂ ನಿಷ್ಕಾಳಜಿತನದಿಂದ ನಡೆಸಿದನೆಂದು ಬರೆಯುವ ಪಡಿಯಚ್ಚಿನ ವಾಕ್ಯ ಈ ಕಲಮುಗಳ ಭಾಷೆಯನ್ನೇ ಅನುಸರಿಸಿದ್ದು. 2024ರ ಜುಲೈ 1ರಿಂದ ಈ ಕಲಮುಗಳ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ ಕಲಮುಗಳು ಬಂದಿವೆ, ವಾಕ್ಯ ಮಾತ್ರ ಉಳಿದಿದೆ. ಫೌಜದಾರಿ ಪ್ರಕರಣದಲ್ಲಿ ಗಾಯಾಳುವಿಗೆ ಹಣ ಸಿಗುವುದು ಅಪರೂಪವಾದರೂ, ಅದಕ್ಕಾಗಿ ಪೊಲೀಸರು ಸಿದ್ಧಪಡಿಸುವ ಕಾಗದಗಳೇ ಮುಂದೆ ಪರಿಹಾರದ ಪ್ರಕರಣಗಳಿಗೂ ಆಧಾರವಾದವು.

ಆ ಕಾಗದಗಳಲ್ಲಿ ಮುಖ್ಯವಾದುದು ಸ್ಥಳ ಪಂಚನಾಮೆ, ಅಂದರೆ ಪಂಚರೆಂದು ಕರೆಯಲಾಗುವ ಸ್ಥಳೀಯ ಸಾಕ್ಷಿಗಳ ಸಮಕ್ಷಮ ಅಪಘಾತದ ಜಾಗವನ್ನು ಕಂಡಂತೆ ಬರೆದಿಡುವ ದಾಖಲೆ. ರಸ್ತೆ ಎಷ್ಟು ಅಗಲವಿದೆ, ವಾಹನಗಳು ಯಾವ ದಿಕ್ಕಿಗೆ ಮುಖ ಮಾಡಿ ಎಲ್ಲಿ ನಿಂತಿವೆ, ಡಾಂಬರಿನ ಮೇಲೆ ಬ್ರೇಕಿನ ಗುರುತು ಎಷ್ಟು ದೂರ ಎಳೆದಿದೆ, ಗಾಜಿನ ಚೂರುಗಳು ರಸ್ತೆಯ ನಡುಗೆರೆಯ ಯಾವ ಮಗ್ಗುಲಲ್ಲಿ ಬಿದ್ದಿವೆ, ಹತ್ತಿರದಲ್ಲಿ ತಿರುವು, ಕ್ರಾಸು, ಉಬ್ಬು ಇವೆಯೇ ಎಂಬುದೆಲ್ಲ ಅದರಲ್ಲಿ ಮತ್ತು ಅದರೊಡನೆ ಬರೆಯುವ ಕೈನಕ್ಷೆಯಲ್ಲಿ ಇರಬೇಕು. ಇದರ ಜೊತೆಗೆ ವಾಹನದ ಬ್ರೇಕು ಸರಿಯಿತ್ತೇ, ಯಾವ ಭಾಗ ಜಖಂ ಆಗಿದೆ ಎಂಬುದನ್ನು ಹೇಳುವ ಮೋಟಾರು ವಾಹನ ನಿರೀಕ್ಷಕರ ವರದಿ, ವೈದ್ಯರು ಕೊಡುವ ಗಾಯದ ಪ್ರಮಾಣಪತ್ರ, ಕಡೆಗೆ ದೋಷಾರೋಪ ಪಟ್ಟಿ ಸೇರುತ್ತವೆ. ಹೆದ್ದಾರಿಯಲ್ಲಿ ಗುರುತುಗಳು ಬಹಳ ಹೊತ್ತು ಉಳಿಯುವುದಿಲ್ಲ, ಸಂಚಾರವನ್ನು ತೆರವುಗೊಳಿಸುವ ಒತ್ತಡದಲ್ಲಿ ವಾಹನಗಳನ್ನು ಬದಿಗೆ ಎಳೆಯಲಾಗುತ್ತದೆ, ಗಾಯಾಳುವಾದರೋ ಅಷ್ಟರಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯ ದಾರಿಯಲ್ಲಿರುತ್ತಾನೆ. ತನ್ನ ಪ್ರಕರಣದ ಅತಿ ಮುಖ್ಯ ಸಾಕ್ಷ್ಯ ಸಿದ್ಧವಾಗುವ ಹೊತ್ತಿನಲ್ಲಿ ಅದರ ಮೇಲೆ ಕಣ್ಣಿಡಬೇಕಾದವನು ಅಲ್ಲಿರುವುದೇ ಇಲ್ಲ ಎಂಬುದು ಈ ಇಡೀ ಪದ್ಧತಿಯ ಅತಿ ದೊಡ್ಡ ದೌರ್ಬಲ್ಯ, ಮತ್ತು ಅದನ್ನು ಸರಿಪಡಿಸುವ ಪ್ರಯತ್ನಗಳೇ ಮುಂದಿನ ಚರಿತ್ರೆ.

ಮೊದಲ ಬದಲಾವಣೆ ರಸ್ತೆಯ ಮೇಲಲ್ಲ, ಕಾರ್ಖಾನೆಯಲ್ಲಿ ಆಯಿತು. 1923ರ ಕಾರ್ಮಿಕರ ಪರಿಹಾರ ಅಧಿನಿಯಮವು ಕೆಲಸದ ಕಾರಣದಿಂದ ಮತ್ತು ಕೆಲಸದ ವೇಳೆಯಲ್ಲಿ ಆದ ಗಾಯಕ್ಕೆ ಮಾಲೀಕನ ತಪ್ಪನ್ನು ತೋರಿಸದೆಯೇ ಪರಿಹಾರ ಸಲ್ಲಬೇಕೆಂದಿತು. ರಸ್ತೆಯ ಮೇಲಿನವರಿಗೆ 1939ರ ಮೋಟಾರು ವಾಹನ ಅಧಿನಿಯಮ ಕೊಟ್ಟಿದ್ದು ಬೇರೆ ಬಗೆಯ ನೆರವು: ವಾಹನ ಮಾಲೀಕನು ಮೂರನೆಯ ವ್ಯಕ್ತಿಗಾಗುವ ಹಾನಿಗೆ ಕಡ್ಡಾಯವಾಗಿ ವಿಮೆ ಮಾಡಿಸಬೇಕೆಂಬ ಅದರ ಎಂಟನೆಯ ಅಧ್ಯಾಯ 1946ರಲ್ಲಿ ಜಾರಿಗೆ ಬಂದು, ಗೆದ್ದರೂ ಹಣ ವಸೂಲಾಗದ ಸ್ಥಿತಿಯನ್ನು ತಪ್ಪಿಸಿತು. 1956ರ ತಿದ್ದುಪಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. ಭಾಷಾವಾರು ಪ್ರಾಂತ ರಚನೆಯಿಂದ ಧಾರವಾಡ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ. ಹೀಗೆ ಬಂಕಾಪುರದ ಗಾಯಾಳುವಿಗೆ ಹೊಸ ರಾಜ್ಯವೂ, ಕ್ಲೇಮು ಕೇಸು ಎಂದು ಜನ ಕರೆಯುವ ಹೊಸ ಬಗೆಯ ಪ್ರಕರಣವೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಮೇಲ್ಮನವಿಗೆ ಮುಂಬಯಿಯ ಬದಲು ಬೆಂಗಳೂರಿಗೆ ಹೋಗಬೇಕಾಯಿತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ತೆರೆದದ್ದು 2008ರಲ್ಲಿ, ಅದು ಕಾಯಂ ಪೀಠವಾದದ್ದು 2013ರಲ್ಲಿ.

ನ್ಯಾಯಮಂಡಳಿಯಿಂದ ಶುಲ್ಕದ ಹೊರೆ ಇಳಿಯಿತು, ವಿಚಾರಣೆ ಸರಳವಾಯಿತು, ಆದರೆ ರುಜುವಾತಿನ ಭಾರ ಇಳಿಯಲಿಲ್ಲ. 1977ರ ಜನವರಿಯಲ್ಲಿ ಮಿನು ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಚಾಲಕನ ನಿರ್ಲಕ್ಷ್ಯ ರುಜುವಾತಾಗದೆ ಮಾಲೀಕನಾಗಲಿ ವಿಮಾ ಕಂಪನಿಯಾಗಲಿ ಹೊಣೆಯಾಗುವುದಿಲ್ಲವೆಂದು ಖಂಡಿತವಾಗಿ ಹೇಳಿತು. ಅದೇ ವರ್ಷದ ಮಾರ್ಚಿನಲ್ಲಿ ರಂಜಿತ್ ಜಿನ್ನಿಂಗ್ ಕಂಪನಿಯ ಪ್ರಕರಣದಲ್ಲಿ ಅದೇ ನ್ಯಾಯಾಲಯ, ರಸ್ತೆ ಬಿಟ್ಟು ಮರಕ್ಕೆ ಬಡಿದ ಕಾರಿನ ವಿಷಯದಲ್ಲಿ, ಘಟನೆಯೇ ತನ್ನ ಕಥೆಯನ್ನು ಹೇಳುತ್ತದೆಂಬ ತತ್ವವನ್ನು ಅನ್ವಯಿಸಿತು. ಈ ತತ್ವದ ಮೂಲ 1863ರ ಒಂದು ಇಂಗ್ಲಿಷ್ ಪ್ರಕರಣದಲ್ಲಿದೆ. ಉಗ್ರಾಣವೊಂದರ ಮೇಲ್ಗಡೆಯಿಂದ ಹಿಟ್ಟಿನ ಪೀಪಾಯಿ ದಾರಿಹೋಕನ ಮೇಲೆ ಬಿದ್ದಾಗ, ಪೀಪಾಯಿಗಳು ತಾವಾಗಿಯೇ ಬೀಳುವುದಿಲ್ಲವಾದ್ದರಿಂದ ತನ್ನ ತಪ್ಪಿಲ್ಲವೆಂದು ಉಗ್ರಾಣದವನೇ ತೋರಿಸಲಿ ಎಂದು ಅಲ್ಲಿ ತೀರ್ಮಾನವಾಗಿತ್ತು. ಬಸ್ಸು ಪಲ್ಟಿಯಾದಾಗ, ಲಾರಿ ರಸ್ತೆ ಬಿಟ್ಟು ಗುಡಿಸಲಿಗೆ ನುಗ್ಗಿದಾಗ, ಏನು ನಡೆಯಿತೆಂದು ನೋಡಿದ ಸಾಕ್ಷಿ ಇಲ್ಲದ ಪ್ರಯಾಣಿಕನಿಗೆ ಇದರಿಂದ ಉಸಿರು ಬಂದಂತಾಯಿತು.

1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತಮಿಳುನಾಡಿನ ಬಸ್ಸು ಕಂಪನಿಯೊಂದರ ಪ್ರಕರಣದಲ್ಲಿ ಬರೆದ ತೀರ್ಪು ಚಿಕ್ಕದು, ಆದರೆ ಅದರ ಪರಿಣಾಮ ದೊಡ್ಡದು. ಫೌಜದಾರಿ ನ್ಯಾಯಾಲಯದಲ್ಲಿ ಚಾಲಕ ಖುಲಾಸೆಯಾಗಿದ್ದರೂ ಪರಿಹಾರದ ಪ್ರಕರಣದಲ್ಲಿ ನಿರ್ಲಕ್ಷ್ಯವನ್ನು ಕಾಣಬಹುದೆಂದೂ, ನ್ಯಾಯಮಂಡಳಿಗಳು ತಾಂತ್ರಿಕ ಸೂಕ್ಷ್ಮಗಳಿಗೆ ಮಣಿದು ಸಂತ್ರಸ್ತರನ್ನು ಬರಿಗೈಯಲ್ಲಿ ಕಳುಹಿಸಬಾರದೆಂದೂ ಅದು ಹೇಳಿತು. ಅಪರಾಧಕ್ಕೆ ಸಂಶಯಾತೀತ ರುಜುವಾತು ಬೇಕು, ಪರಿಹಾರಕ್ಕೆ ಸಂಭವನೀಯತೆಯ ತಕ್ಕಡಿ ಯಾವ ಕಡೆ ಬಾಗುತ್ತದೆಂದು ತೋರಿಸಿದರೆ ಸಾಕು ಎಂಬ ಈ ವ್ಯತ್ಯಾಸವನ್ನು 2009ರ ಬಿಮಲಾ ದೇವಿ ಪ್ರಕರಣ ಮತ್ತೆ ದೃಢಪಡಿಸಿತು. 2011ರ ಇನ್ನೊಂದು ತೀರ್ಪು, ಗಾಯಾಳುವಿನ ಶುಶ್ರೂಷೆಯಲ್ಲಿ ತೊಡಗಿದ ಕುಟುಂಬದವರು ಪೊಲೀಸು ದೂರನ್ನು ತಡವಾಗಿ ಕೊಟ್ಟರೆಂಬ ಒಂದೇ ಕಾರಣಕ್ಕೆ ಪ್ರಕರಣವನ್ನು ಸುಳ್ಳೆನ್ನಬಾರದೆಂದಿತು. ಹಣದಾಸೆಗೆ ಬೇರೆ ವಾಹನವನ್ನು ತಂದು ತೋರಿಸುವ ಸುಳ್ಳು ಕ್ಲೇಮುಗಳು ಇಲ್ಲವೆಂದಲ್ಲ, ಪಾಟೀ ಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ದಿನಾಂಕ ಮತ್ತು ವೇಳೆಗಳನ್ನು ಕೆದಕುವುದು ಆ ಕಾರಣದಿಂದಲೇ. ಆದರೆ ಆ ಅನುಮಾನದ ಬೆಲೆಯನ್ನು ನಿಜವಾದ ಗಾಯಾಳು ತೆರಬೇಕಾಗಿ ಬರುವುದು ಅನ್ಯಾಯ.

ಈ ಸೀಮೆಯ ರಸ್ತೆಗಳಲ್ಲಿ ತಪ್ಪು ಒಬ್ಬರದೇ ಆಗಿರುವುದು ಕಡಿಮೆ. ಕಣದ ಬದಲು ರಸ್ತೆಯ ಮೇಲೆಯೇ ಹರವಿದ ಗೋವಿನಜೋಳ, ಹಿಂಬದಿಗೆ ದೀಪವಿಲ್ಲದೆ ಕತ್ತಲಲ್ಲಿ ಸಾಗುವ ಚಕ್ಕಡಿ ಮತ್ತು ಟ್ರ್ಯಾಕ್ಟರ್ ಟ್ರೇಲರುಗಳು, ಒಂದು ಬೈಕಿನ ಮೇಲೆ ಮೂವರು, ಹೆದ್ದಾರಿಯ ಅಂಚಿಗೆ ನಿಂತ ಲಾರಿ, ಇವೆಲ್ಲ ವಿಚಾರಣೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ಗಾಯಾಳುವಿನದೂ ಸ್ವಲ್ಪ ತಪ್ಪಿದ್ದರೆ ಅದನ್ನು ಸಹಭಾಗಿ ನಿರ್ಲಕ್ಷ್ಯ ಎನ್ನುತ್ತಾರೆ. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಅಂಥವನಿಗೆ ಏನೂ ಸಿಗುತ್ತಿರಲಿಲ್ಲ, ಇಂದು ಅವನ ತಪ್ಪಿನ ಪಾಲಿನಷ್ಟು ಪರಿಹಾರ ಕಡಿತವಾಗುತ್ತದೆ. ಬೈಕಿನ ಮೇಲೆ ಮೂವರಿದ್ದರೆಂಬುದೊಂದೇ ಸಹಭಾಗಿ ನಿರ್ಲಕ್ಷ್ಯವಾಗದು, ಅದರಿಂದಲೇ ಅಪಘಾತವಾಯಿತು ಅಥವಾ ಗಾಯ ಹೆಚ್ಚಾಯಿತು ಎಂಬುದೂ ರುಜುವಾತಾಗಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಗಾಯಾಳುವಿನ ತಪ್ಪೇನೂ ಇಲ್ಲದೆ ಇಬ್ಬರು ಚಾಲಕರ ತಪ್ಪು ಕೂಡಿದ್ದರೆ ಅದು ಸಂಯುಕ್ತ ನಿರ್ಲಕ್ಷ್ಯ. ಅಂಥಲ್ಲಿ ಇಬ್ಬರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಹಣವನ್ನು ವಸೂಲು ಮಾಡುವ ಹಕ್ಕು ಗಾಯಾಳುವಿಗಿದೆ ಎಂದು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಹೇಳಿದ್ದನ್ನೇ 2015ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. 2024ರ ಜೂನ್ 28ರ ನಸುಕಿನಲ್ಲಿ ಇದೇ ಹೆದ್ದಾರಿಯಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ, ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಬಡಿದು ಭದ್ರಾವತಿ ಸೀಮೆಯ 13 ಜನ ಮಡಿದಂಥ ಘಟನೆಗಳಲ್ಲಿ ಕಾನೂನು ಕೇಳುವ ಪ್ರಶ್ನೆಗಳು ಎರಡು: ನಿಂತ ವಾಹನ ಅಲ್ಲಿ ಆ ರೀತಿ ನಿಲ್ಲಬಹುದಿತ್ತೇ, ಅದರ ದೀಪ ಅಥವಾ ಎಚ್ಚರಿಕೆಯ ಫಲಕ ಕಾಣುತ್ತಿತ್ತೇ ಎಂಬುದು ಒಂದು. ಬಂದ ವಾಹನದ ಚಾಲಕ ನೋಡಬಹುದಾಗಿದ್ದನ್ನು ನೋಡಿದನೇ ಎಂಬುದು ಇನ್ನೊಂದು. ಒಳಗೆ ಕುಳಿತಿದ್ದವರಿಗೆ ಈ ವಾದದಿಂದ ಯಾವ ನಷ್ಟವೂ ಆಗಬಾರದೆಂಬುದೇ ಸಂಯುಕ್ತ ನಿರ್ಲಕ್ಷ್ಯದ ತತ್ವದ ಸಾರ. ಅಕುಶಲ ಸಾರಥಿಯ ಬಂಡಿಯಲ್ಲಿ ಕುಳಿತವರಿಗೂ ದಂಡ ಹಾಕಿದ ಮನುಸ್ಮೃತಿಗಿಂತ ಇದು ಎಷ್ಟೋ ಮಾನವೀಯವಾದುದು.

ರಸ್ತೆ ಅಪಘಾತಗಳಲ್ಲಿ ತಪ್ಪಿನ ಪ್ರಶ್ನೆಯನ್ನೇ ಬದಿಗಿಡುವ ವಿಚಾರ ಮೋಟಾರು ವಾಹನ ಅಧಿನಿಯಮದ 1982ರ ತಿದ್ದುಪಡಿಯಲ್ಲಿ ಮೊದಲ ಬಾರಿಗೆ ಬಂದಿತು, ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಯಾರ ತಪ್ಪನ್ನೂ ತೋರಿಸದೆ ಸಲ್ಲಬೇಕೆಂದು ಅದು ವಿಧಿಸಿತು. 1988ರ ಹೊಸ ಅಧಿನಿಯಮದಲ್ಲಿ ಈ ಮೊತ್ತಗಳು 25,000 ಮತ್ತು 12,000 ಆದವು, 1994ರಲ್ಲಿ 50,000 ಮತ್ತು 25,000ಕ್ಕೆ ಏರಿದವು. ವಯಸ್ಸು, ಆದಾಯಗಳ ಕೋಷ್ಟಕದಂತೆ ಪರಿಹಾರ ಕೊಡುವ 163-ಎ ಕಲಮು ಸೇರಿದ್ದೂ 1994ರಲ್ಲಿಯೇ. ಅರ್ಜಿಗೆ ಇದ್ದ ಆರು ತಿಂಗಳ ಗಡುವನ್ನು ಕೂಡ ಆ ತಿದ್ದುಪಡಿ ತೆಗೆದುಹಾಕಿತು. 2019ರ ತಿದ್ದುಪಡಿಯ ಮೇರೆಗೆ 2022ರ ಏಪ್ರಿಲ್ 1ರಿಂದ ಈ ಹಳೆಯ ಕಲಮುಗಳು ಹೋಗಿ, 164ನೆಯ ಕಲಮಿನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ತಪ್ಪಿನ ರುಜುವಾತಿಲ್ಲದೆ ಸಿಗುವಂತಾಗಿದೆ. ಆದರೆ ವಿಧಿವತ್ತಾಗಿ ಅದನ್ನು ಒಪ್ಪಿಕೊಂಡವರ ನಿರ್ಲಕ್ಷ್ಯ ಆಧಾರಿತ ಅರ್ಜಿ, ಅಂದರೆ 166ನೆಯ ಕಲಮಿನ ಅರ್ಜಿ, ರದ್ದಾಗುತ್ತದೆ. ಮೂವತ್ತರ ಹರೆಯದ ಹಮಾಲನೊಬ್ಬ ಕಾಲು ಕಳೆದುಕೊಂಡರೆ ಅವನ ಉಳಿದ ದುಡಿಮೆಯ ವರ್ಷಗಳಿಗೆ 2.5 ಲಕ್ಷ ಯಾವ ಲೆಕ್ಕಕ್ಕೂ ಸಾಲದು. ವೈದ್ಯರು ಹೇಳುವ ಅಂಗವೈಕಲ್ಯದ ಶೇಕಡಾವಾರಿಗಿಂತ ಅದು ಅವನ ಗಳಿಕೆಯನ್ನು ಎಷ್ಟು ಕುಂದಿಸಿತೆಂಬುದನ್ನು ನೋಡಬೇಕೆಂದು ರಾಜಕುಮಾರ್ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟು ಹೇಳಿರುವುದರಿಂದ, ಅಂಥವನಿಗೆ ನಿರ್ಲಕ್ಷ್ಯವನ್ನು ತೋರಿಸುವ ಹಳೆಯ ದಾರಿಯೇ ನ್ಯಾಯವಾದುದನ್ನು ಕೊಡಬಲ್ಲದು. ಆದ್ದರಿಂದ 2019ರ ತಿದ್ದುಪಡಿ ಆ ದಾರಿಗೆ ಆರು ತಿಂಗಳ ಗಡುವನ್ನು ಮರಳಿ ತಂದದ್ದು ಹಿಂದಕ್ಕಿಟ್ಟ ಹೆಜ್ಜೆಯೆಂದೇ ಹೇಳಬೇಕು. ಗಡುವಿನ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ.

ಅದೇ 2022ರಲ್ಲಿ ಜಾರಿಗೆ ಬಂದ ಕೇಂದ್ರ ನಿಯಮಗಳು ಮಾತ್ರ, ಪಂಚನಾಮೆಯ ಹೊತ್ತಿಗೆ ಗಾಯಾಳು ಸ್ಥಳದಲ್ಲಿ ಇರುವುದಿಲ್ಲವೆಂಬ ಹಳೆಯ ದೌರ್ಬಲ್ಯವನ್ನು ನೇರವಾಗಿ ಎದುರಿಸಿವೆ. ಅವುಗಳ ಪ್ರಕಾರ ತನಿಖಾಧಿಕಾರಿಯು 48 ಗಂಟೆಗಳಲ್ಲಿ ಮೊದಲ ಅಪಘಾತ ವರದಿಯನ್ನೂ, 50 ದಿನಗಳಲ್ಲಿ ಮಧ್ಯಂತರ ವರದಿಯನ್ನೂ, 90 ದಿನಗಳಲ್ಲಿ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು, ವಿಮಾ ಕಂಪನಿಗೂ ತಿಳಿಸಬೇಕು, ಸಂತ್ರಸ್ತರಿಗೆ ಅವರ ಹಕ್ಕುಗಳನ್ನು ಬರಹದಲ್ಲಿ ತಿಳಿಸಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಲು ಕಾನೂನಿನಲ್ಲಿ ಅವಕಾಶವಿದೆ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಈ ನಿಯಮಗಳನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕೆಂದು ನಿರ್ದೇಶಿಸಿತು. ಹಾಗಾಗಿ ಬಂಕಾಪುರದ ಹದ್ದಿನಲ್ಲಿ ಈಗ ಒಂದು ಅಪಘಾತವಾದರೆ, ಬ್ರೇಕಿನ ಗುರುತನ್ನು ಅಳೆಯುವ, ಗಾಜಿನ ಚೂರು ಬಿದ್ದ ಮಗ್ಗುಲನ್ನು ನಕ್ಷೆಯಲ್ಲಿ ತೋರಿಸುವ ಪೊಲೀಸು ಠಾಣೆಯ ಸಿಬ್ಬಂದಿ ಆರೋಪಿಯ ವಿರುದ್ಧ ಸಾಕ್ಷ್ಯ ಕೂಡಿಸುವುದರ ಜೊತೆಗೆ ಗಾಯಾಳುವಿನ ಅರ್ಜಿಗೂ ಬುನಾದಿ ಹಾಕುತ್ತಾರೆ, ಮತ್ತು ಆ ಕೆಲಸಕ್ಕೆ ಬೇಕಾದ ಜನಬಲ ಹಾಗೂ ತರಬೇತಿಯನ್ನು ಅವರಿಗೆ ಒದಗಿಸುವುದು ಸರ್ಕಾರದ ಹೊಣೆಯಾಗಿದೆ.